ನೀರಿನಡಿಯ ನಮ್ಮ ಮನೆ ಗುಂಡಿ

ಕೆರೆ ತುಂಬುತ್ತಿದೆ ಎಂದು ಊರಿಗೆ ಊರೇ ಹಿಗ್ಗುತ್ತಿದ್ದ ಆ ಹತ್ತು ಹನ್ನೆರಡು ದಿನ ನನಗೆ ಊಟ ಸೇರುತ್ತಿರಲಿಲ್ಲ. ರಾಗಿ ಬೀಸಲು ಕೂತರೆ ಬೀಸುಕಲ್ಲಿನ ಗೂಟ ಹಿಡಿದುಕೊಂಡೇ ಹಿತ್ತಿಲ ಬಾಗಿಲಿನ ಕಡೆ ನೋಡುತ್ತಿದ್ದೆ. ಅಲ್ಲಿಂದ ಕೆರೆಯ ಅಂಗಳ ಕಾಣುತ್ತಿತ್ತು. ನಿನ್ನೆ ದನ ಮೇಯುತ್ತಿದ್ದ ಜಾಗದಲ್ಲಿ ಇವತ್ತು ಬೆಳ್ಳಕ್ಕಿ ನಿಂತಿರುತ್ತಿತ್ತು. ಮಾರನೆಯ ದಿನ ಆ ಬೆಳ್ಳಕ್ಕಿಯೂ ಇನ್ನಷ್ಟು ಊರಿನ ಕಡೆಗೆ ಸರಿದಿರುತ್ತಿತ್ತು. "ಏನೇ, ಹಿಟ್ಟು ಬರ್ತಾ ಇಲ್ಲ, ಬರೀ ಕಲ್ಲಿನ ಸದ್ದು ಬತ್ತೈತೆ" ಎಂದು ಅತ್ತೆ ಒಳಗಿನಿಂದ ಕೂಗಿದಾಗ ಬೆಚ್ಚಿಬಿದ್ದು ಒಂದು ಹಿಡಿ ರಾಗಿ ಹಾಕುತ್ತಿದ್ದೆ.

ಸಂತೆಯಲ್ಲಿ ಸೇರು ಹೋಗಿ ಕಿಲೋ ಬಂದ ಹೊಸದು. ನನಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ. ಮದುವೆಯಾಗಿ ಬಂದು ಎಂಟು ವರ್ಷವಾಗಿದ್ದರೂ ಆ ಊರಿನ ಕೆರೆ ಪೂರ್ತಿ ತುಂಬಿದ್ದನ್ನು ಒಂದು ಸಲವೂ ನೋಡಿರಲಿಲ್ಲ. ಅಜ್ಜಂಪುರದಿಂದ ತರೀಕೆರೆಗೆ ಹೋಗುವ ಬಸ್ಸು ನಮ್ಮ ಕೆರೆ ಏರಿಯ ಮಗ್ಗುಲಲ್ಲೇ ಹಾಯುತ್ತಿತ್ತು. ಬಸ್ಸಿನವರಿಗೆ ಅದು ಕೆರೆ ಎಂದು ಗೊತ್ತಾಗುತ್ತಿದ್ದುದು ತೂಬಿನ ಕಲ್ಲುಕಂಬ ನೋಡಿ ಮಾತ್ರ. ಉಳಿದಂತೆ ನಡುವೆ ಒಂದಿಷ್ಟು ನೀರು, ಸುತ್ತ ಬಿರುಕು ಬಿಟ್ಟ ಮಣ್ಣು.

ನನ್ನ ತವರು ಯಗಟಿ ಕಡೆ. ಅಲ್ಲಿ ನಮಗೆ ನೀರೆಂದರೆ ಸೇದುವ ಬಾವಿ. ನಮ್ಮವ್ವ ಹೇಳಿಕೊಟ್ಟ ಜಾಗ್ರತೆ ಎರಡೇ. ಸೇದುವಾಗ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಬೇಕು. ಕೊಡ ಕಳಚಿ ಬಿದ್ದರೆ ಬಗ್ಗಿ ನೋಡಬಾರದು. "ಕೊಡ ಬಿದ್ರೆ ಪಾತಾಳಗರಡಿ ಹಾಕಿ ಎತ್ತಬೌದು. ನೀ ಬಿದ್ರೆ ಯಾವ ಕೊಕ್ಕೆ ಹಾಕಾನ?" ಎನ್ನುತ್ತಿದ್ದಳು. ಗಂಡು ಹುಡುಗರಿಗೆ ಒಣಗಿದ ಕತ್ತಾಳೆಯ ಬೆಂಡನ್ನು ಬೆನ್ನಿಗೆ ಕಟ್ಟಿ ತೋಟದ ಬಾವಿಗೆ ತಳ್ಳಿ ಈಜು ಕಲಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ಯಾರೂ ಬೆಂಡು ಕಟ್ಟಲಿಲ್ಲ. ಕೆರೆಯಲ್ಲಿ ಒಗೆಯುವುದು, ಹೊಳೆಯಲ್ಲಿ ನೀರು ತುಂಬುವುದು, ಗಂಗೆ ಪೂಜೆಗೆ ಮೊದಲು ಕಾಲಿಡುವುದು ಎಲ್ಲ ಹೆಂಗಸರೇ. ಈಜು ಮಾತ್ರ ಬಾರದು. ಇದನ್ನು ಯಾರಾದರೂ ವಿಚಿತ್ರವೆಂದು ಕಂಡದ್ದು ನನಗೆ ನೆನಪಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಕೆರೆ ಪೂರಾ ಒಣಗಿತ್ತು. ಒಣಗಿದ ಕೆರೆಯಿಂದ ಗೋಡು ಹೊಡೆಯುವುದು ಊರಿನ ವಾಡಿಕೆ. ಗೋಡು ಎಂದರೆ ಕೆರೆಯ ತಳದಲ್ಲಿ ಕೂತ ನುಣ್ಣನೆಯ ಕಪ್ಪು ಮಣ್ಣು; ಹೊಲಕ್ಕೆ, ತೆಂಗಿನ ಬುಡಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಮನೆಗೊಂದು ಗಾಡಿ ಹೂಡಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಅಗೆದು ತುಂಬುತ್ತಿದ್ದರು. ಆದರೆ ಎಲ್ಲಿ ಬೇಕೆಂದರೆ ಅಲ್ಲಿ ಅಗೆಯುವ ಹಾಗಿರಲಿಲ್ಲ. ಹೆಂಗಸರು ಒಗೆಯುವ ಬಂಡೆಯಿಂದ ರಸ್ತೆಯವರೆಗಿನ ಜಾಗಕ್ಕೆ ಗುದ್ದಲಿ ಹಾಕಕೂಡದು. ಅರಳಿಕಟ್ಟೆಯ ಮೇಲೆ ಕೂತು ಇದನ್ನು ಊರಿಗೆಲ್ಲ ಸಾರಿದವರು ನಮ್ಮ ಮಾವ. "ಹೆಣ್ಣುಮಕ್ಳು ತಿರುಗಾಡೋ ಜಾಗ ಅದು. ಅಲ್ಲಿ ಅಗೆದವನು ಯಾವನೇ ಆಗ್ಲಿ, ಗಂಗಮ್ಮಂಗೆ ತಪ್ಪುಗಾಣಿಕೆ ಇಟ್ಟು, ಊರ ಮುಂದೆ ಅಡ್ಡಬೀಳಬೇಕು" ಎಂದಿದ್ದರು. ನಮ್ಮ ಮಾವ ಮಾತಾಡಿದರೆ ಕಟ್ಟೆಯ ಮೇಲೆ ಯಾರೂ ಎಲೆಯಡಿಕೆ ಕೂಡ ಜಗಿಯುತ್ತಿರಲಿಲ್ಲ.

ವೈಶಾಖದ ಕೊನೆಯಲ್ಲಿ ನಮ್ಮ ಎಡಗಡೆಯ ಎತ್ತು ಕುಂಟತೊಡಗಿತು. ತುಂಬಿದ ಗಾಡಿಯನ್ನು ಕೆರೆಯ ನಡುವಿನಿಂದ ಏರು ಹತ್ತಿಸಲು ಅದಕ್ಕೆ ಆಗುತ್ತಿರಲಿಲ್ಲ. ಹೊಲಕ್ಕೆ ಇನ್ನೂ ಅರ್ಧದಷ್ಟು ಗೋಡು ಬೀಳಬೇಕಿತ್ತು, ಮೋಡ ಆಗಲೇ ಕಟ್ಟುತ್ತಿತ್ತು. ಒಂದು ಮಧ್ಯಾಹ್ನ ಊರೆಲ್ಲ ಉಂಡು ಅಡ್ಡಾದ ಹೊತ್ತಿನಲ್ಲಿ ಮಾವ, ನಮ್ಮ ಯಜಮಾನರು ಇಬ್ಬರೂ ಗಾಡಿಯನ್ನು ರಸ್ತೆಯ ಮೇಲೇ ನಿಲ್ಲಿಸಿ, ಬಂಡೆಗೂ ರಸ್ತೆಗೂ ನಡುವೆ ಗುದ್ದಲಿ ಹಾಕಿದರು. ಗುಂಡಿಯ ಬಾಯಿ ಚಿಕ್ಕದಾಗಿರಲಿ, ಕಣ್ಣಿಗೆ ಬೀಳದಿರಲಿ ಎಂದು ಅಗಲಕ್ಕೆ ಅಗೆಯದೆ ಆಳಕ್ಕೆ ಅಗೆದರು. ಎಂಟು ಮಧ್ಯಾಹ್ನ ಹೀಗೇ ನಡೆಯಿತು. ಅಂಬಲಿ ಒಯ್ಯುತ್ತಿದ್ದವಳು ನಾನು. ಮೊದಲ ದಿನ ಚೊಂಬನ್ನು ಬಗ್ಗಿ ಕೈಗೆ ಕೊಟ್ಟೆ. ಕೊನೆಯ ದಿನ ಹಗ್ಗ ಕಟ್ಟಿ ಇಳಿಸಬೇಕಾಯಿತು. ಒಳಗೆ ನಿಂತಿದ್ದ ನಮ್ಮ ಯಜಮಾನರ ತಲೆಯ ಮೇಲೆ ಇನ್ನೊಬ್ಬರು ನಿಲ್ಲುವಷ್ಟು ಆಳ. ಗೋಡೆ ನೆಟ್ಟಗೆ, ಎಣ್ಣೆ ಸವರಿದ ಹಾಗೆ ನುಣ್ಣಗೆ ಇತ್ತು.

"ಇದನ್ನ ಮುಚ್ಚಲ್ವಾ?" ಎಂದು ಕೇಳಿದೆ.

"ಮುಚ್ಚಾನ ಬಿಡೇ, ಅಲ್ಲಿ ಇಲ್ಲಿ ಕಲ್ಲು ಮಣ್ಣು ಎಳ್ದು" ಎಂದರು ಯಜಮಾನರು.

ಮುಚ್ಚುವ ಮೊದಲೇ ಮಳೆ ಬಂತು. ಒಂದೇ ರಾತ್ರಿಯ ಮಳೆಗೆ ಗುಂಡಿ ಬಾಯಿಯವರೆಗೆ ಕೆಂಪು ನೀರಾಗಿ ನಿಂತಿತು. ನೋಡಿದವರಿಗೆ ಎಮ್ಮೆ ಹೊರಳುವ ಕೊಚ್ಚೆಯಷ್ಟೇ ಕಾಣುತ್ತಿತ್ತು. ಅಂಥ ಕೊಚ್ಚೆಗಳು ಆಚೆ ಈಚೆ ಇನ್ನೂ ಹಲವು ಇದ್ದವು. ಅವನ್ನು ನಾನು ನಿಜವಾಗಿಯೂ ಕೊಚ್ಚೆಯೆಂದೇ ತಿಳಿದಿದ್ದೆ. ಬಿತ್ತನೆಯ ಗಡಿಬಿಡಿಯಲ್ಲಿ ಯಾರಿಗೂ ಅತ್ತ ಹೋಗಲು ಪುರುಸೊತ್ತಾಗಲಿಲ್ಲ. ಮೇಲೆ ಹಸಿರು ಪಾಚಿ ಕಟ್ಟಿತು. ನಾನೂ ಮರೆತೆ.

ಮಘೆ ಮಳೆ ಹಿಡಿದ ಮೇಲೆ ನೆನಪಾಯಿತು. ಆ ಸಲ ಮಘೆ ಬಿಡಲೇ ಇಲ್ಲ. ಮೇಲಿನ ಊರುಗಳ ಹಳ್ಳವೆಲ್ಲ ನಮ್ಮ ಕೆರೆಗೆ ನುಗ್ಗಿತು. ನೀರು ಬಂಡೆಯ ಬುಡಕ್ಕೆ ಬಂತು, ಬಂಡೆಯ ಸೊಂಟಕ್ಕೆ ಬಂತು. ಒಂದು ಬೆಳಿಗ್ಗೆ ಬಂಡೆಯೇ ಇರಲಿಲ್ಲ. ರಸ್ತೆಯ ಪಕ್ಕದ ಹೊಂಗೆ ಮರದವರೆಗೂ ಒಂದೇ ಸಮನೆ ಬೂದು ಬಣ್ಣದ ನೀರು. ಕೆರೆ ಕಾಯುವ ನೀರುಗಂಟಿ ತೂಬಿನ ಕಲ್ಲಿನ ಮೇಲೆ ನಿಂತು, "ಇನ್ನ ಮೂರು ದಿನ! ಮೂರು ದಿನದಾಗೆ ಕೋಡಿ ಬೀಳ್ತದೆ!" ಎಂದು ಕೂಗಿದ್ದು ನಮ್ಮ ಹಿತ್ತಿಲಿಗೆ ಕೇಳಿಸಿತು.

ಕೋಡಿ ಬಿದ್ದರೆ, ಅಂದರೆ ಕೆರೆ ತುಂಬಿ ಹೆಚ್ಚಿನ ನೀರು ಹೊರಕ್ಕೆ ಹರಿದರೆ, ಗಂಗೆಗೆ ಬಾಗಿನ ಕೊಡಬೇಕು. ಆ ವರ್ಷ ಮದುವೆಯಾದ ಮನೆಮಗಳು ಯಾವ ಮನೆಯಲ್ಲಿದ್ದಾಳೋ ಆ ಮನೆಯ ಬಾಗಿನ ಮೊದಲು. ಆ ವರ್ಷ ಊರಿನಲ್ಲಿ ಮದುವೆಯಾದವಳು ನಮ್ಮ ನಾದಿನಿ ಒಬ್ಬಳೇ. ಕಡೂರಿಗೆ ಕೊಟ್ಟಿದ್ದೆವು. ಗೌರಿ ಹಬ್ಬಕ್ಕೆ ತವರಿಗೆ ಬರಬೇಕಾದವಳು ಕೆರೆಯ ಸುದ್ದಿ ಕೇಳಿ ವಾರ ಮೊದಲೇ ಬಸ್ಸು ಹತ್ತಿ ಬಂದಿಳಿದಳು.

ಅವಳಿಗೆ ಹದಿನೆಂಟು. ನಾನು ಈ ಮನೆಗೆ ಬಂದಾಗ ಹತ್ತು ವರ್ಷದ ಹುಡುಗಿ. ಅವಳ ತಲೆ ಬಾಚಿ, ಹೇನು ಹೆಕ್ಕಿ, ಲಂಗ ಹೊಲಿದು ಬೆಳೆಸಿದವಳು ನಾನೇ ಎಂದರೂ ತಪ್ಪಲ್ಲ. ಬಸ್ಸಿಳಿದವಳು ಮನೆಗೆ ಬರುವ ಮೊದಲು ಕೆರೆ ನೋಡಿಕೊಂಡು ಬಂದಿದ್ದಳು. ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ.

"ಅತ್ತಿಗೆ, ಹೊಂಗೆ ಮರದ ತಾವೇ ನೀರು ಬಂದೈತೆ! ಇಳ್ದು ನೋಡ್ದೆ, ಹೆಂಗ್ ತಣ್ಣಗೈತೆ ಗೊತ್ತಾ?"

ನನ್ನ ಕೈಯಲ್ಲಿದ್ದ ಸೌಟು ಜಾರಿತು. "ಎಲ್ಲಿ ಇಳಿದೆ? ಎಷ್ಟು ದೂರ ಹೋದೆ?"

"ಯಾಕ್ ಹಂಗ್ ಬೆದರ್ತೀಯ? ಯಗಟಿಯವಳು, ನೀರು ಕಂಡ್ರೆ ಆಗಲ್ಲ ಅಲ್ವಾ ನಿಂಗೆ" ಎಂದು ನಕ್ಕು, ನನ್ನ ಮಗುವನ್ನು ಎತ್ತಿಕೊಂಡು ಪಡಸಾಲೆಗೆ ಹೋದಳು.

ಅವತ್ತೇ ಯಜಮಾನರ ಕಿವಿಗೆ ಹಾಕಿದೆ. ಅವರು ದನದ ಕೊಟ್ಟಿಗೆಯಲ್ಲಿ ಹುಲ್ಲು ಬಿಡಿಸುತ್ತಿದ್ದರು.

"ಏನೂಂದ್ರೆ, ಆ ಗುಂಡಿ ಮ್ಯಾಲೆ ಈಗ ಸೊಂಟದುದ್ದ ನೀರೈತೆ. ಬಾಗಿನ ಬಿಡೋಳು ಅವಳೇ."

ಅವರು ಹುಲ್ಲಿನ ಕಡೆಗೇ ನೋಡುತ್ತಿದ್ದರು. "ದಡದಾಗೆ ನಿಂತು ಬಿಟ್ರಾಯ್ತು. ಅಷ್ಟ್ ದೂರ ಯಾಕ್ ಹೋಯ್ತಾಳೆ?"

"ಗಾಳಿ ಊರಿನ ಕಡೆಗೇ ಬೀಸ್ತೈತಲ್ಲ. ಬಾಗಿನ ತಿರುಗಿ ದಡಕ್ಕೆ ಬರಬಾರದು ಅಂತ ಒಳೀಕ್ ಹೋಗ್ತಾರೆ."

"ನಾ ಅಲ್ಲೇ ನಿಂತಿರ್ತೀನಿ ಬಿಡು."

"ಒಂದ್ ಮಾತು ಎಲ್ರಿಗೂ ಹೇಳಿಬಿಟ್ರೆ?"

ಆಗ ತಿರುಗಿದರು. "ಯಾರಿಗ್ ಹೇಳ್ತೀಯ? ಅಪ್ಪ ಊರ ಮುಂದೆ ಅಡ್ಡಬೀಳಬೇಕಾ? ಅರವತ್ತು ವರ್ಷ ಆದೋರು?"

ಮಾವನ ಎದುರು ನಾನು ಎಂಟು ವರ್ಷದಲ್ಲಿ ಒಂದು ಮಾತನ್ನೂ ನೇರವಾಗಿ ಆಡಿದವಳಲ್ಲ. ಅವರು ಕೇಳಿದ್ದಕ್ಕೆ ಬಾಗಿಲ ಹಿಂದಿನಿಂದ ಅತ್ತೆಗೆ ಹೇಳುವುದು, ಅತ್ತೆ ಅವರಿಗೆ ಹೇಳುವುದು. ಅದೇ ನಡೆ. ಹಾಗಾಗಿ ಮಾರನೆಯ ದಿನ ಅತ್ತೆಯನ್ನೇ ಹಿಡಿದೆ. ಅವರು ಮೊರಕ್ಕೆ ಅರಿಶಿನ ಹಚ್ಚುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಕೈ ನಿಲ್ಲಿಸದೆ, "ಗಂಗಮ್ಮ ಕಾಯ್ತಾಳೆ ಬಿಡು" ಎಂದರು. ಇನ್ನೊಂದು ಮೊರ ಎಳೆದುಕೊಂಡು, "ನೀ ಬಾಯಿ ಬಿಡಲ್ಲ ಅಂತ ಅಂತರಘಟ್ಟಮ್ಮನ ಮೇಲೆ ಆಣೆ ಇಡು" ಎಂದರು. ಮಗು ಅತ್ತಿತೆಂದು ನೆಪ ಮಾಡಿ ಎದ್ದುಬಂದೆ. ಮಗು ಅತ್ತಿರಲಿಲ್ಲ, ಅದು ಅತ್ತೆಗೂ ಗೊತ್ತು.

ಅತ್ತೆಯನ್ನು ಕೆಟ್ಟವರೆಂದು ಹೇಳಲಾರೆ. ನೀರಿಗೆ ಇಳಿಯಬೇಕಾದವಳು ಅವರು ಹೆತ್ತ ಮಗಳು. ಅವರಿಗೂ ಆ ಮೂರು ದಿನ ನಿದ್ದೆ ಇರಲಿಲ್ಲ ಎಂದು ನನಗೆ ತಿಳಿದಿತ್ತು. ಆದರೆ ಗಂಡನ ಮರ್ಯಾದೆ ಕಣ್ಣಿಗೆ ಕಾಣುವ ವಸ್ತುವಾಗಿತ್ತು, ಗುಂಡಿ ನೀರಿನಡಿಗೆ ಹೋಗಿತ್ತು.

ಸರಿ, ಯಾರಿಗೂ ಹೇಳುವುದು ಬೇಡ, ಗುಂಡಿ ಇರುವ ಕಡೆ ಒಂದು ಕೋಲು ನೆಟ್ಟುಬಿಡುತ್ತೇನೆ ಎಂದುಕೊಂಡೆ. ಕೇಳಿದರೆ ನೀರು ಎಷ್ಟು ಏರಿತೆಂದು ನೋಡಲು ಎಂದರಾಯಿತು. ಕೋಡಿ ಬೀಳುವ ಹಿಂದಿನ ದಿನ ಬಟ್ಟೆಗಂಟಿನ ಜೊತೆ ಹುಣಸೆಕಾಯಿ ಕೀಳುವ ದೋಟಿಯನ್ನೂ ಹೊತ್ತು ಹೊಂಗೆ ಮರದ ಹತ್ತಿರ ಹೋದೆ. ಅಂಬಲಿ ಹೊತ್ತು ನಡೆಯುವಾಗ ಹೆಜ್ಜೆ ಎಣಿಸುವ ಚಟ ನನಗೆ. ಮರದಿಂದ ಬಂಡೆಯ ಕಡೆಗೆ ನಲವತ್ತೆರಡು ಹೆಜ್ಜೆಗೆ ಗುಂಡಿ. ಅದನ್ನು ನಂಬಿಕೊಂಡು ಸೀರೆ ಕಚ್ಚೆ ಕಟ್ಟಿ ನೀರಿಗೆ ಇಳಿದೆ. ಜೀವಮಾನದಲ್ಲಿ ಮೊದಲ ಸಲ ಮೊಣಕಾಲಿಗಿಂತ ಮೇಲೆ ನೀರು ಬಂತು.

ಹತ್ತು ಹೆಜ್ಜೆ ಹೋದ ಮೇಲೆ ತಿಳಿಯಿತು: ಬಂಡೆ ಎಲ್ಲಿದೆ? ಅದು ಮುಳುಗಿದೆ. ಎತ್ತ ಮುಖ ಮಾಡಿ ಎಣಿಸಬೇಕು? ನೀರಿನಲ್ಲಿ ಹಾಕುವ ಹೆಜ್ಜೆಯೂ ನೆಲದ ಹೆಜ್ಜೆಯಷ್ಟು ಉದ್ದವಿರುವುದಿಲ್ಲ. ದೋಟಿಯಿಂದ ಮುಂದೆ ಕುಟ್ಟಿ, ನೆಲ ಸಿಕ್ಕ ಮೇಲೆ ಕಾಲಿಟ್ಟು, ಮತ್ತೆ ಕುಟ್ಟಿ, ಹೀಗೆ ಎಷ್ಟೋ ಹೊತ್ತು ಅಲೆದೆ. ಒಂದು ಕಡೆ ದೋಟಿ ಸ್ವಲ್ಪ ಇಳಿದಂತಾಯಿತು. ಅದು ಗುಂಡಿಯೋ ಬರಿ ಕೆಸರೋ ತಿಳಿಯಲಿಲ್ಲ. ತಿರುಗಿ ನೋಡಿದರೆ ಮರ ನಾನೆಂದುಕೊಂಡ ಕಡೆ ಇರಲಿಲ್ಲ. ದೋಟಿ ಊರಿಕೊಂಡು ದಡಕ್ಕೆ ಬಂದೆ. ಅಂಬಲಿ ಇಳಿಸಿದ ನನಗೇ ಸಿಗಲಿಲ್ಲ. ಇನ್ನು ದಡದಲ್ಲಿ ನಿಂತು ಕಾಯುತ್ತೇನೆ ಎಂದ ಯಜಮಾನರಿಗೆ ಏನು ಕಾಣುತ್ತದೆ?

ಪಕ್ಕದ ಮನೆಯಾಕೆ ಅಲ್ಲೇ ರಸ್ತೆಯಂಚಿನಲ್ಲಿ ಒಗೆಯುತ್ತಿದ್ದಳು. ಮಾತಿಗೆ ಮುಂದು, ಕೆಲಸಕ್ಕೂ ಮುಂದು. "ಏನವ್ವ, ಕೆರೆ ಅಳೀತಿದ್ದೀಯ? ಅಮಲ್ದಾರ್ರು ಕಳ್ಸವ್ರಾ?" ಎಂದಳು.

"ಚೊಂಬು ಬಿತ್ತು" ಎಂದೆ.

"ಚೊಂಬು ತೇಲ್ತದೆ, ನಿನ್ ಮುಖ ಮುಳುಗೈತೆ" ಎಂದಳು. ಆದರೆ ಅವಳ ಕಣ್ಣು ನಗುತ್ತಿರಲಿಲ್ಲ. ನಾನು ದೋಟಿ ಕುಟ್ಟಿದ ಜಾಗವನ್ನೇ ನೋಡುತ್ತಿತ್ತು. ಅದೇಕೆಂದು ನನಗಾಗ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಕೋಡಿ ಬಿತ್ತು. ಹೊತ್ತು ಏರುವಷ್ಟರಲ್ಲಿ ಊರು ಕೆರೆಯ ಹತ್ತಿರವಿತ್ತು. ಗಂಡಸರೆಲ್ಲ ಏರಿಯ ಮೇಲೆ. ನೀರಿನ ಒತ್ತಡಕ್ಕೆ ಏರಿ ಎಲ್ಲಾದರೂ ಜಿನುಗುತ್ತಿದೆಯೇ ಎಂದು ಮಣ್ಣಿನ ಮಂಕರಿ ಇಟ್ಟುಕೊಂಡು ಕಾಯುತ್ತಿದ್ದರು. ನಮ್ಮ ಯಜಮಾನರನ್ನೂ ಅಲ್ಲಿಗೇ ಹಾಕಿಬಿಟ್ಟರು. ಅವರು ಏರಿಯ ಮೇಲಿನಿಂದ ನನ್ನ ಕಡೆ ನೋಡಿ, ಏನು ಮಾಡಲಿ ಎನ್ನುವಂತೆ ಕೈ ತಿರುವಿದರು. ಮಾವ ತೂಬಿನ ಹತ್ತಿರ ರುಮಾಲು ಸುತ್ತಿ ನಿಂತಿದ್ದರು.

ಹೊಂಗೆ ಮರದ ಕೆಳಗೆ ಹೆಂಗಸರು. ನಾದಿನಿ ಮದುವೆಯ ಸೀರೆ ಉಟ್ಟಿದ್ದಳು. ಜರತಾರಿ ಸೀರೆ, ಒಣಗಿದ್ದಾಗಲೇ ಹೊರಲಾರದಷ್ಟು ಭಾರ. ಅದು ಒದ್ದೆಯಾದರೆ ಎಷ್ಟು ತೂಗುತ್ತದೆ ಎಂದು ನಾನು ಮನಸ್ಸಿನಲ್ಲೇ ತೂಗುತ್ತಿದ್ದೆ. "ಇದ್ಯಾಕೆ ಉಟ್ಟೆ, ನೂಲಿನ ಸೀರೆ ಉಡಬಾರದಿತ್ತಾ?" ಎಂದು ಬೆಳಿಗ್ಗೆಯೇ ಜಗಳ ತೆಗೆದಿದ್ದೆ. "ಗಂಗಮ್ಮಂಗೆ ಹಳೇ ಸೀರೇಲಿ ಹೋಗ್ತಾರಾ?" ಎಂದು ಅವಳು ಮುಖ ಊದಿಸಿಕೊಂಡಿದ್ದಳು. ನಾನು ಅವಳ ಪಕ್ಕ ಬಿಡದೆ ನಿಂತೆ. "ಮೊಣಕಾಲು ಮುಳುಗೋ ಕಡೆ ನಿಂತ್ಕೊ. ಮುಂದಕ್ಕೆ ಹೋಗ್ಬೇಡ. ನನ್ ಮಾತು ಕೇಳು" ಎಂದು ಕಿವಿಯಲ್ಲಿ ಹೇಳಿದೆ.

"ಆಯ್ತು ಕಣತ್ತಿಗೆ, ಎಷ್ಟ್ ಸಲ ಹೇಳ್ತೀಯ?"

ಆರತಿ ಆಯಿತು. ಅವಳು ಜೋಡಿ ಮೊರ ಹಿಡಿದು ಇಳಿದಳು. ಮೊಣಕಾಲು ಮುಳುಗುವಲ್ಲಿ ನಿಂತು, ಮೊರವನ್ನು ನೀರಿನ ಮೇಲಿಟ್ಟು ತಳ್ಳಿದಳು. ಅದು ಒಂದು ಮಾರು ಹೋಗಿ ಗಾಳಿಗೆ ತಿರುಗಿ ಅವಳ ಮೊಣಕಾಲಿಗೇ ಬಂದು ತಾಗಿತು.

ದಡದಲ್ಲಿ ಗುಜುಗುಜು ಎದ್ದಿತು. "ವಾಪಸ್ ಬಂತಲ್ರೇ!" "ಇನ್ನೊಂದ್ ಸ್ವಲ್ಪ ಮುಂದಕ್ ಹೋಗವ್ವ." "ಹೊಸ ಮದುಮಗಳು, ಹಿಂಗಾದ್ರೆ ಹೆಂಗೆ?" ಅವಳು ಮತ್ತೆ ತಳ್ಳಿದಳು, ಮತ್ತೆ ಬಂತು. ಈ ಸಲ ತಿರುಗಿ ನನ್ನನ್ನು ನೋಡಲಿಲ್ಲ. ಮೊರವನ್ನು ಎತ್ತಿ ಹಿಡಿದು ನಡೆದಳು. ತೊಡೆ ಮುಳುಗಿತು. ಸೀರೆಯ ಸೆರಗು ಹಿಂದೆ ಹಾಸಿಕೊಂಡು ತೇಲಿತು. ಸೊಂಟ. "ಇನ್ನೊಂದೆರಡು ಹೆಜ್ಜೆ!" ಎಂದು ಯಾರೋ ಕೂಗಿದರು. ನಾನು ಅತ್ತೆಯ ಮುಖ ನೋಡಿದೆ. ಅವರು ಕಣ್ಣು ಮುಚ್ಚಿ ಕೈ ಮುಗಿದಿದ್ದರು.

"ನಿಂತ್ಕೊಳ್ಳೇ!" ಎಂದು ಕಿರುಚಿದೆ. ಆ ದನಿ ನನ್ನದೇ ಎಂದು ನನಗೆ ತಡವಾಗಿ ತಿಳಿಯಿತು. "ಕಾಲು ಕೀಳಬೇಡ! ಅಲ್ಲಿ ನಮ್ಮನೆ ಗುಂಡಿ ಐತೆ! ನಾವು ಗೋಡು ಹೊಡ್ದಿದ್ದು! ಎರಡಾಳು ಆಳ ಐತೆ!"

ಏರಿಯ ಮೇಲಿದ್ದವರೂ ತಿರುಗಿದರು. ಅತ್ತೆ ನನ್ನ ತೋಳು ಹಿಡಿದುಕೊಂಡರು. ಹೊಡೆಯಲೋ ಆಸರೆಗೋ ಗೊತ್ತಾಗಲಿಲ್ಲ. ನಾದಿನಿ ಮೊರವನ್ನು ಎದೆಗವಚಿಕೊಂಡು ಕಂಬದಂತೆ ನಿಂತಳು.

"ಎತ್ತ ಅತ್ತಿಗೆ? ಎಡಕ್ಕಾ ಬಲಕ್ಕಾ?"

"ಗೊತ್ತಿಲ್ಲ ಕಣೇ. ಅಲ್ಲಾಡಬೇಡ."

ಆಗ ಪಕ್ಕದ ಮನೆಯಾಕೆ ಮುಂದೆ ಬಂದಳು. ನಾಲಿಗೆ ಚುರುಕಿನ ಆ ಹೆಂಗಸು ತಡವರಿಸುತ್ತಿದ್ದುದನ್ನು ನಾನು ಮೊದಲ ಸಲ ನೋಡಿದ್ದು. "ನಮ್ದೂ ಒಂದೈತೆ" ಎಂದಳು. "ಅವಳ ಬಲಗಡೆಗೆ ಇರ್ಬೇಕು. ನಮ್ಮೆಜಮಾನ್ರು ಯಾರಿಗೂ ಹೇಳ್ಬೇಡ ಅಂದಿದ್ರು."

ಅವಳ ಹಿಂದಿನಿಂದ ಇನ್ನೊಬ್ಬಳು, "ನಮ್ದು ಬಂಡೆಗೆ ಅಂಟ್ಕಂಡಂಗೇ ಐತೆ."

"ನಮ್ದು ಎರಡು ಅವೆ."

ಹೀಗೆ ಒಂದೊಂದೇ ಬಾಯಿ ಬಿಚ್ಚಿತು. ನಾನು ಬೇಸಿಗೆಯಲ್ಲಿ ಕೊಚ್ಚೆಯೆಂದು ತಿಳಿದಿದ್ದ ಒಂದೊಂದೂ ಒಂದೊಂದು ಮನೆಯ ಗುಂಡಿ. ಎತ್ತು ಕುಂಟಿದ್ದು ನಮ್ಮದೊಂದೇ ಅಲ್ಲ. ಊರೆಲ್ಲ ಮಲಗಿದೆ ಎಂದು ಪ್ರತಿ ಮನೆಯವರೂ ಒಂದೊಂದು ಮಧ್ಯಾಹ್ನ ಎದ್ದು ಬಂದಿದ್ದರು. ಹುಡುಗಿ ಅಷ್ಟರ ನಡುವೆ ನಿಂತಿದ್ದಳು. ಅಲ್ಲಿಯವರೆಗೆ ಹೇಗೆ ಹೋದಳೋ. ಯಾವ ದಾರಿಯಲ್ಲಿ ಹಿಂದೆ ಬರಬೇಕೋ ಯಾರಿಗೂ ಗೊತ್ತಿರಲಿಲ್ಲ.

"ತಿರುಗಬೇಡ ತಾಯಿ!" ನೀರುಗಂಟಿ ಏರಿಯಿಂದ ಓಡಿ ಬರುತ್ತಿದ್ದ. ಒಂದು ಕೈಯಲ್ಲಿ ಉದ್ದನೆಯ ಬಿದಿರಿನ ಗಳ, ಹೆಗಲಲ್ಲಿ ಹಗ್ಗ. "ಯಾರೂ ಇಳೀಬ್ಯಾಡ್ರಿ. ಕಾಪಾಡಾಕ್ ಹೋಗಿ ನೀವೂ ಬಿದ್ರೆ ಎಷ್ಟ್ ಜನಾನ ಎತ್ಲಿ ನಾನು? ಅಣ್ಣಾ, ಹಗ್ಗದ ತುದಿ ಮರಕ್ಕೆ ಸುತ್ತು!" ಓಡಿ ಬಂದಿದ್ದ ನಮ್ಮ ಯಜಮಾನರು ಮರಕ್ಕೆ ಸುತ್ತಿ ಹಿಡಿದರು. ಇನ್ನೊಂದು ತುದಿಯನ್ನು ನೀರುಗಂಟಿ ಸೊಂಟಕ್ಕೆ ಬಿಗಿದುಕೊಂಡ. ಗಳ ಕುಟ್ಟಿ, ನೆಲ ಗಟ್ಟಿ ಇದ್ದಲ್ಲಿ ಕಾಲಿಟ್ಟು, ಮತ್ತೆ ಕುಟ್ಟಿ, ಮೆಲ್ಲಗೆ ನಡೆದ. ಎರಡು ಕಡೆ ಗಳ ಸರ್ರನೆ ಇಳಿಯಿತು. ಅವನು ಹಿಂದೆ ಸರಿದು ಬಳಸಿಕೊಂಡು ಹೋದ. ಎಲ್ಲೂ ಅವಸರ ಮಾಡಲಿಲ್ಲ. ಅವಸರವೆಲ್ಲ ದಡದಲ್ಲಿದ್ದ ನಮಗೆ.

ಅವಳಿಗೆ ಇನ್ನೂ ಒಂದು ಗಳದಷ್ಟು ದೂರವಿದ್ದಾಗ ಒದ್ದೆ ಸೀರೆಯ ಭಾರಕ್ಕೋ, ನಿಂತು ನಿಂತು ಕಾಲು ಸೋತೋ, ಅವಳು ಒಂದಿಷ್ಟು ವಾಲಿದಳು. ಎಡಗಾಲಿನ ಕೆಳಗೆ ನೆಲವಿರಲಿಲ್ಲ. ಕೂಗಲೂ ಇಲ್ಲ, ಸುಮ್ಮನೆ ಕುಸಿದಳು. ನೀರಿನ ಮೇಲೆ ಹೂವು ಮುಡಿದ ತುರುಬು ಕಂಡಿತು, ಆಮೇಲೆ ಅದೂ ಇಲ್ಲ. ಮುಳುಗುವವರು ಕೂಗಿಕೊಳ್ಳುತ್ತಾರೆ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಒಂದು ಸಣ್ಣ ಸದ್ದೂ ಆಗಲಿಲ್ಲ.

ನೀರುಗಂಟಿ ತಾನು ನಿಂತ ಜಾಗ ಬಿಡಲಿಲ್ಲ. ಗಳವನ್ನು ಅಡ್ಡಕ್ಕೆ ಚಾಚಿ ನೀರಿನಲ್ಲಿ ಆಡಿಸಿ, "ಹಿಡ್ಕೋ ಮಗಾ, ಕೈಗೆ ಸಿಕ್ಕಿದ್ದು ಹಿಡ್ಕೋ!" ಎಂದು ಕೂಗುತ್ತಿದ್ದ. ಗಳ ಒಮ್ಮೆ ಅದುರಿತು. ಒಂದು ಕೈ ಬಳೆಯ ಸಮೇತ ಮೇಲೆ ಬಂದು ಗಳವನ್ನು ಸುತ್ತಿತು. "ಎಳೀರಿ!" ಎಂದ. ಮರದ ಹತ್ತಿರ ಹಗ್ಗ ಹಿಡಿದವರೆಲ್ಲ ಎಳೆದರು. ಅವನೂ ಗಳವೂ ಅವಳೂ ಒಟ್ಟಿಗೆ ಜಾರಿಕೊಂಡು ದಡಕ್ಕೆ ಬಂದರು.

ಅವಳನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸಿದೆವು. ಕೆಸರು ನೀರು ಕಕ್ಕಿದಳು, ಕೆಮ್ಮಿದಳು, ಅತ್ತಳು. ನಾನು ಅವಳ ಬೆನ್ನು ತಿಕ್ಕುತ್ತ, ಬಯ್ಯುತ್ತ, ತಿಕ್ಕುತ್ತ ಕೂತಿದ್ದೆ. ಏನು ಬೈದೆನೋ ನೆನಪಿಲ್ಲ. "ನೀನ್ ಮೊದ್ಲೇ ಹೇಳಬಾರದಿತ್ತಾ ಅತ್ತಿಗೆ?" ಎಂದು ಅವಳು ಕೇಳಿದ್ದು ಮಾತ್ರ ನೆನಪಿದೆ. ಮೂರು ದಿನ ಹಿಂದೆ ಸೌಟು ಜಾರಿಸಿಕೊಂಡವಳು ನಾನು. ಆಗಲೇ ಹೇಳಬಹುದಿತ್ತು. ಅವಳ ಜೀವಕ್ಕೂ ಮಾವನ ರುಮಾಲಿಗೂ ನಡುವೆ ಮೂರು ದಿನ ನಾನೂ ತೂಗಾಡಿದವಳೇ.

ಗಂಡಸರು ಇಳಿದು ಬಂದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೊನೆಗೆ ಒಬ್ಬ ಮುದುಕರು ಗಂಟಲು ಸರಿಮಾಡಿಕೊಂಡು, "ತಪ್ಪುಗಾಣಿಕೆ ಅಂತ ಒಂದು ಮಾತಿತ್ತಲ್ಲ" ಎಂದರು.

ನೀರುಗಂಟಿ ತಲೆ ಒರೆಸಿಕೊಳ್ಳುತ್ತಿದ್ದ. "ಎಲ್ರೂ ಅಡ್ಡಬಿದ್ರೆ ನಿಂತ್ಕಂಡು ನೋಡೋರು ಯಾರು ಗೌಡ್ರೇ? ಅದು ಆಮೇಲೆ ಮಾಡಾನ. ಮೊದ್ಲು ಮನೆಗೊಂದು ಗಳ ತನ್ನಿ. ಅಗೆದೋರೇ ಬಂದು ಅವರವರ ಗುಂಡೀಲಿ ನೆಡ್ರಿ. ನಂಗೆ ಹೆಂಗ್ ಗೊತ್ತಾಯ್ತದೆ ನೀವ್ ಎಲ್ಲೆಲ್ಲಿ ಕೊರ್ದಿದ್ದೀರಿ ಅಂತ?"

ಮಾವ ಮುಂದೆ ಬಂದರು. ರುಮಾಲು ಬಿಚ್ಚಿ ಅತ್ತೆಯ ಕೈಗೆ ಕೊಟ್ಟರು. ಯಜಮಾನರು ತಂದ ಗಳ ತೆಗೆದುಕೊಂಡು, ಮರಕ್ಕೆ ಕಟ್ಟಿದ್ದ ಹಗ್ಗವನ್ನು ತಾವೇ ಸೊಂಟಕ್ಕೆ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ನೀರಿಗೆ ಇಳಿದರು. ನಾನು ಹುಡುಕಿ ಸಿಗದ ಜಾಗ ಅವರಿಗೆ ಬೇಗನೆ ಸಿಕ್ಕಿತು. ಗಳವನ್ನು ನೆಟ್ಟಗೆ ಹಿಡಿದು ಒತ್ತಿದರು. ಅದು ಇಳಿಯಿತು, ಇನ್ನೂ ಇಳಿಯಿತು, ಅವರ ಕೈಯನ್ನೇ ನೀರಿಗೆ ಎಳೆದುಕೊಂಡಿತು. ತುದಿ ಕಾಣದಾಯಿತು. ಮಾವ ಬರಿಗೈಯನ್ನು ನೀರಿನಿಂದ ತೆಗೆದು ಒಂದಿಷ್ಟು ಹೊತ್ತು ನೋಡಿಕೊಂಡರು. ಆಮೇಲೆ ದಡದ ಕಡೆ ತಿರುಗಿ, ಯಾರನ್ನು ಕುರಿತು ಎಂದು ಹೇಳದೆ, "ಇದಕ್ಕಿಂತ ಉದ್ದದ್ದು ತನ್ನಿ" ಎಂದರು. ಉದ್ದನೆಯದು ಬರುವವರೆಗೂ ಆ ಗುಂಡಿಯ ಅಂಚಿನಲ್ಲೇ ನಿಂತಿದ್ದರು.

ಅವತ್ತು ಸಂಜೆಯೊಳಗೆ ಒಂಬತ್ತು ಗಳ ನೆಟ್ಟರು, ತುದಿಗೆ ಒಂದೊಂದು ಹರಕು ಬಟ್ಟೆ. ಕೊನೆಗೆ ಹಗ್ಗ ಸುತ್ತಿಕೊಂಡು ಹಿಂದೆ ಬರುವಾಗ ನೀರುಗಂಟಿಯ ಕಾಲೇ ಒಂದು ಕಡೆ ಜಾರಿತು. ಅಲ್ಲಿ ಗಳವಿರಲಿಲ್ಲ. "ಇದ್ಯಾರ್ದಪ್ಪಾ?" ಎಂದು ಮೂರು ಸಲ ಕೂಗಿದ. ಯಾರೂ ಉತ್ತರ ಕೊಡಲಿಲ್ಲ. ತನ್ನ ಮನೆಯಿಂದಲೇ ಒಂದು ಗಳ ತರಿಸಿ ಅಲ್ಲಿಯೂ ನೆಟ್ಟ.

ನಾದಿನಿ ಹಬ್ಬ ಮುಗಿಸಿಕೊಂಡು ಕಡೂರಿಗೆ ಹೋದಳು. ನೀರು ಇಳಿಯಲು ಐದು ತಿಂಗಳು ಹಿಡಿಯಿತು. ಅಷ್ಟು ದಿನವೂ ನಾನು ಒಗೆಯಲು ಹೋದಾಗ ಬಟ್ಟೆಗಂಟು ಇಳಿಸುವ ಮೊದಲು ಗಳಗಳನ್ನು ಎಣಿಸುತ್ತಿದ್ದೆ. ಹತ್ತು. ಎಣಿಸಿ ಮುಗಿದ ಮೇಲೂ ಒಗೆಯಲು ಕೂರಲಾಗುತ್ತಿರಲಿಲ್ಲ. ಗಳಗಳ ನಡುವಿನ ಬರಿ ನೀರನ್ನು ನೋಡುತ್ತ, ಪಕ್ಕದಲ್ಲಿ ಆಡುವ ಮಕ್ಕಳ ತೋಳು ಹಿಡಿದು ಹಿಂದಕ್ಕೆ ಎಳೆಯುತ್ತ ನಿಂತಿರುತ್ತಿದ್ದೆ.